ಕಸ್ಟಮರ್ ಕೇರ್ ಸಿಗಲ್ಲ, ಅಡ್ರೆಸ್ ಇಲ್ಲ: ಆನ್‌ಲೈನ್ ಅಂಗಡಿಯವರನ್ನ ಹುಡುಕಿ ಹಿಡಿಯೋದು ಹೇಗೆ

ಆರ್ಡರ್ ಹಾಕೋವರ್ಗೂ ದಿನಕ್ಕೆ ನಾಕು ಮೆಸೇಜು, ಕಾರ್ಟಲ್ಲಿ ಸಾಮಾನು ಹಂಗೇ ಇದೆ ಅಂತ ನೆನಪಿಸೋದು, ಆಫರ್ ಇವತ್ತು ರಾತ್ರಿಗೇ ಮುಗಿಯತ್ತೆ ಅನ್ನೋದು, ಎಲ್ಲಾ ಆಗತ್ತೆ. ಬಂದಿರೋ ಸಾಮಾನು ಒಡೆದಿದೆ ಅಂತ ಹೇಳೋಕೆ ಹೋಗಿ ನೋಡಿ, ಒಬ್ರೂ ಇಲ್ಲ. ಹೆಲ್ಪ್ ಒತ್ತಿದ್ರೆ ಚಾಟ್‌ಬಾಟ್ ಬರತ್ತೆ, ಅದು ನಾಲ್ಕು ಆಪ್ಷನ್ ಕೊಡತ್ತೆ, ನಾಲ್ಕರಲ್ಲೂ ನಮ್ಮ ಸಮಸ್ಯೆ ಇರಲ್ಲ, 'ಇತರೆ' ಒತ್ತಿದ್ರೆ ಸುತ್ತಿ ಬಳಸಿ ಮತ್ತೆ ಅದೇ ನಾಲ್ಕಕ್ಕೆ ಬಂದು ನಿಲ್ಲತ್ತೆ, ಕೊನೆಗೆ 'ನಿಮ್ಮ ಸಮಸ್ಯೆ ಬಗೆಹರಿಯಿತೇ?' ಅಂತ ಕೇಳತ್ತೆ, ಇಲ್ಲ ಅಂದ್ರೂ ಧನ್ಯವಾದ ಹೇಳಿ ಹೋಗೇಬಿಡತ್ತೆ. ಇದರ ಜೊತೆ ಜಗಳ ಆಡ್ತಾ ಕೂರೋದು ಗಾಳಿಗೆ ಗುದ್ದಿ ಮೈ ನೋಯಿಸ್ಕೊಂಡಂಗೆ.

ಅದಕ್ಕೆ ಮೊದಲೇ ಹೇಳ್ಬಿಡ್ತೀನಿ, ವೆಬ್‌ಸೈಟಲ್ಲಿ ಹುಡುಕ್ತಾ ಟೈಮ್ ಹಾಳು ಮಾಡ್ಬೇಡಿ. 'ಕಾಂಟ್ಯಾಕ್ಟ್ ಅಸ್' ಪೇಜಲ್ಲಿ ಏನು ಹಾಕ್ಬೇಕು ಏನು ಬಿಡ್ಬೇಕು ಅಂತ ನಿರ್ಧಾರ ಮಾಡೋದು ಅವರು. ಆದ್ರೆ ವ್ಯಾಪಾರ ಮಾಡ್ಬೇಕು ಅಂದ್ರೆ ತೆರಿಗೆ ಇಲಾಖೆಗೆ ಹೆಸರು ಕೊಡ್ಬೇಕು, ದುಡ್ಡು ಇಳಿಸ್ಕೊಳ್ಳೋಕೆ ಬ್ಯಾಂಕಲ್ಲಿ ಅಕೌಂಟ್ ಇರ್ಬೇಕು, ಪಾರ್ಸೆಲ್ ಕಳಿಸೋಕೆ ಕೊರಿಯರ್‌ನವರಿಗೆ ಎಲ್ಲಿಂದ ಎತ್ಕೋಬೇಕು ಅಂತ ಹೇಳ್ಬೇಕು. ಈ ಮೂರು ಕಡೆ ಬಚ್ಚಿಟ್ಕೊಳ್ಳೋದು ಅಷ್ಟು ಸುಲಭ ಅಲ್ಲ. ನಾವು ಹುಡುಕ್ಬೇಕಾಗಿರೋದು ಅಲ್ಲೇ, ಅಂದ್ರೆ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟು, ಡಬ್ಬದ ಮೇಲೆ ಅಂಟಿಸಿರೋ ಚೀಟಿ.

ಮೊದಲು ಮಾಡಬಾರದ ಕೆಲಸ

ಸಿಟ್ಟಲ್ಲಿ ಎಲ್ರೂ ಮಾಡೋದು ಒಂದೇ, ಗೂಗಲ್‌ಗೆ ಹೋಗಿ ಕಂಪನಿ ಹೆಸರು ಹಾಕಿ ಪಕ್ಕದಲ್ಲಿ 'ಕಸ್ಟಮರ್ ಕೇರ್ ನಂಬರ್' ಅಂತ ಟೈಪ್ ಮಾಡೋದು. ಇದನ್ನ ದಯವಿಟ್ಟು ಮಾಡ್ಬೇಡಿ. ನಿಜವಾದ ಕಂಪನಿ ನಂಬರ್ ಕೊಡಲ್ಲ ಅನ್ನೋದು ಕಳ್ಳರಿಗೂ ಗೊತ್ತು, ಆ ಖಾಲಿ ಜಾಗದಲ್ಲೇ ಅವರು ಅಂಗಡಿ ಹಾಕಿರೋದು. ಸುಳ್ಳು ಪೇಜ್ ಮಾಡಿ, ಮ್ಯಾಪ್ಸಲ್ಲಿ ಸುಳ್ಳು ಲಿಸ್ಟಿಂಗ್ ಹಾಕಿ, ಎಕ್ಸಲ್ಲಿ ಯಾರಾದ್ರೂ ಕಂಪನಿಗೆ ಬೈದು ಪೋಸ್ಟ್ ಹಾಕಿದ್ರೆ ಕೆಳಗೆ ಅದೇ ಕಂಪನಿ ಲೋಗೋ ಇಟ್ಕೊಂಡು 'ಸರ್ ನಿಮ್ಮ ನಂಬರ್ ಡಿಎಂ ಮಾಡಿ' ಅಂತ ಬರ್ತಾರೆ. ನಾವು ಮೊದಲೇ ಬೇಜಾರಲ್ಲಿ ಇರ್ತೀವಿ, ಕೊನೆಗೂ ಒಬ್ಬ ಮನುಷ್ಯ ಸಿಕ್ಕಿದ ಅನ್ನೋ ಖುಷಿಗೆ ಅವನು ಹೇಳಿದ್ದೆಲ್ಲಾ ಮಾಡ್ತೀವಿ. ರಿಫಂಡ್ ಬರ್ಬೇಕಾದ್ರೆ ಈ ಆ್ಯಪ್ ಹಾಕ್ಕೊಳ್ಳಿ ಅಂತಾನೆ, ಅದು ನಿಮ್ಮ ಸ್ಕ್ರೀನ್ ಅವನಿಗೆ ತೋರ್ಸೋ ಆ್ಯಪ್. ಇಲ್ಲಾಂದ್ರೆ ವಾಟ್ಸಾಪಲ್ಲಿ ಒಂದು ಎಪಿಕೆ ಫೈಲ್, ಅಂದ್ರೆ ಪ್ಲೇ ಸ್ಟೋರ್ ಬಿಟ್ಟು ಹೊರಗಿಂದ ಹಾಕ್ಕೊಳ್ಳೋ ಆ್ಯಪ್, ಕಳಿಸ್ತಾನೆ. ಇಲ್ಲಾಂದ್ರೆ ಯುಪಿಐ ಪಿನ್ ಹಾಕಿ ಅಂತಾನೆ. ದುಡ್ಡು ನಮ್ಮ ಅಕೌಂಟಿಗೆ ಬರೋಕೆ ಯಾವತ್ತೂ ಪಿನ್ ಬೇಕಾಗಲ್ಲ, ಪಿನ್ ಕೇಳಿದ್ರು ಅಂದ್ರೆ ದುಡ್ಡು ಹೋಗ್ತಾ ಇದೆ ಅಂತಾನೇ ಅರ್ಥ. ಇದನ್ನ ಮನೇಲಿರೋ ಹಿರಿಯರಿಗೆ ಒಂದ್ಸಲ ಅಲ್ಲ, ಬೇಜಾರಾಗೋಷ್ಟು ಸಲ ಹೇಳಿ.

ಅಕಸ್ಮಾತ್ ಹಂಗೆ ದುಡ್ಡು ಹೋಗಿದ್ರೆ ಮುಂದಿಂದು ಓದೋದು ಆಮೇಲೆ, ತಕ್ಷಣ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆ ಸಹಾಯವಾಣಿ. ಬೇಗ ಹೇಳಿದಷ್ಟೂ ದುಡ್ಡು ಮುಂದಿನ ಅಕೌಂಟಿಗೆ ಹಾರೋ ಮುಂಚೆ ತಡೆ ಹಿಡಿಯೋ ಚಾನ್ಸ್ ಜಾಸ್ತಿ. ಜೊತೆಗೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲೂ ದೂರು ಹಾಕಿ.

ಕಾನೂನು ಏನು ಹೇಳತ್ತೆ, ಚಿಕ್ಕದಾಗಿ

ಇದು ಯಾಕೆ ಬೇಕು ಅಂದ್ರೆ, ಮುಂದೆ ಮೇಲ್ ಬರೆಯೋವಾಗ ಈ ಹೆಸರುಗಳನ್ನ ಹಾಕಿದ್ರೆ ಆ ಕಡೆ ಇರೋರು ಸ್ವಲ್ಪ ನೆಟ್ಟಗೆ ಕೂರ್ತಾರೆ. ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ಅಂತ 2020ರ ಜುಲೈನಲ್ಲಿ ಬಂದಿವೆ. ಅದರ ಪ್ರಕಾರ ಆನ್‌ಲೈನಲ್ಲಿ ಮಾರೋರು ತಮ್ಮ ಕಾನೂನುಬದ್ಧ ಹೆಸರು, ಮುಖ್ಯ ಕಚೇರಿ ಅಡ್ರೆಸ್, ಕಸ್ಟಮರ್ ಕೇರ್ ಇಮೇಲ್, ಫೋನ್ ಇಷ್ಟನ್ನೂ ಎದ್ದು ಕಾಣೋ ಹಂಗೆ ಹಾಕ್ಬೇಕು. ಒಬ್ಬ ಗ್ರೀವೆನ್ಸ್ ಆಫೀಸರ್, ಅಂದ್ರೆ ದೂರು ನೋಡೋ ಅಧಿಕಾರಿ, ಇರ್ಬೇಕು, ಅವರ ಹೆಸರು, ಹುದ್ದೆ, ಸಂಪರ್ಕ ಎಲ್ಲಾ ಹಾಕಿರ್ಬೇಕು. ನಾವು ದೂರು ಕೊಟ್ರೆ 48 ಗಂಟೆ ಒಳಗೆ ತಲುಪಿದೆ ಅಂತ ಹೇಳ್ಬೇಕು, ಒಂದು ತಿಂಗಳ ಒಳಗೆ ಬಗೆಹರಿಸ್ಬೇಕು. ಅದೇ ಬೇರೆಬೇರೆ ಸೆಲ್ಲರ್‌ಗಳು ಇರೋ ದೊಡ್ಡ ಆ್ಯಪ್ ಆದ್ರೆ ಇನ್ನೊಂದು ಇದೆ, ಸುಮಾರು ಜನಕ್ಕೆ ಇದು ಗೊತ್ತೇ ಇಲ್ಲ: ಕೊಂಡ ಮೇಲೆ ನಾವು ಬರವಣಿಗೆಯಲ್ಲಿ ಕೇಳಿದ್ರೆ ಆ ಸೆಲ್ಲರ್‌ದು ಅಡ್ರೆಸ್, ಇಮೇಲ್ ಎಲ್ಲಾ ಆ್ಯಪ್‌ನವರು ಕೊಡ್ಬೇಕು. 'ನಾವು ಬರೀ ಪ್ಲಾಟ್‌ಫಾರ್ಮ್, ಸೆಲ್ಲರನ್ನ ಕೇಳಿ' ಅಂತ ಹೇಳಿ ಸೆಲ್ಲರ್ ಯಾರು ಅಂತಲೇ ಹೇಳ್ದೇ ಕೈ ತೊಳ್ಕೊಳ್ಳೋ ಹಾಗಿಲ್ಲ.

ಈ ಗ್ರೀವೆನ್ಸ್ ಆಫೀಸರ್ ಹೆಸರು ಎಲ್ಲಿರತ್ತೆ ಗೊತ್ತಾ, ಹೆಲ್ಪ್ ಪೇಜಲ್ಲಿ ಇರಲ್ಲ. ಪೇಜಿನ ತಳಕ್ಕೆ ಇಳಿದು ಸಣ್ಣ ಅಕ್ಷರದಲ್ಲಿರೋ 'ಪ್ರೈವಸಿ ಪಾಲಿಸಿ', 'ಟರ್ಮ್ಸ್ ಆಫ್ ಯೂಸ್' ತೆಗೀರಿ, ಅದರಲ್ಲಿ 'ಗ್ರೀವೆನ್ಸ್' ಅಂತ ಸರ್ಚ್ ಹೊಡೀರಿ. ಮೊಬೈಲಲ್ಲಿ ಕ್ರೋಮಿನ ಮೂರು ಚುಕ್ಕೆ ಒತ್ತಿ 'ಫೈಂಡ್ ಇನ್ ಪೇಜ್' ಅಂತ ಇರತ್ತೆ. ಚಾಟ್‌ಬಾಟ್ ಬಾಗಿಲಲ್ಲಿ ನಿಂತಿರೋ ಕಂಪನಿಗಳಲ್ಲೂ ಎಷ್ಟೋ ಸಲ ಇಲ್ಲಿ ಒಂದು ಇಮೇಲ್ ಸಿಗತ್ತೆ. ಇನ್ನೊಂದು ಜಾಗ ಪ್ಲೇ ಸ್ಟೋರ್. ಆ್ಯಪ್ ಇರೋ ಕಂಪನಿ ಆದ್ರೆ ಆ್ಯಪಿನ ಪೇಜಲ್ಲಿ ಕೆಳಗೆ 'ಆ್ಯಪ್ ಸಪೋರ್ಟ್' ಒತ್ತಿ ನೋಡಿ, ಡೆವಲಪರ್ ಇಮೇಲ್ ಇರತ್ತೆ, ಕಂಪನಿ ಹೆಸರಲ್ಲಿ ಅಕೌಂಟ್ ಇದ್ರೆ ಅಡ್ರೆಸ್ ಕೂಡ ಕಾಣ್ಬಹುದು.

ಬಿಲ್ಲಿನಲ್ಲಿರೋ 15 ಅಕ್ಷರ

ಈಗ ಅಸಲು ಕೆಲಸ. ಆರ್ಡರ್ ಹಿಸ್ಟರಿಗೆ ಹೋಗಿ ಇನ್‌ವಾಯ್ಸ್ ಡೌನ್‌ಲೋಡ್ ಮಾಡ್ಕೊಳ್ಳಿ, ಅಥವಾ ಡಬ್ಬದ ಒಳಗೆ ಇಟ್ಟಿರೋ ಬಿಲ್ ತೆಗೀರಿ. ಅದರಲ್ಲಿ ಜಿಎಸ್‌ಟಿ ನಂಬರ್ ಇರತ್ತೆ, 15 ಅಕ್ಷರ. ಮೊದಲ ಎರಡು ಅಂಕಿ ರಾಜ್ಯದ್ದು. 29 ಅಂದ್ರೆ ಕರ್ನಾಟಕ, 27 ಮಹಾರಾಷ್ಟ್ರ, 33 ತಮಿಳುನಾಡು, 24 ಗುಜರಾತ್, 07 ದೆಹಲಿ. ಆಮೇಲಿನ ಹತ್ತು ಅಕ್ಷರ ಅವರ ಪ್ಯಾನ್ ನಂಬರೇ. ಪ್ಯಾನಲ್ಲಿ ನಾಲ್ಕನೇ ಅಕ್ಷರ, ಅಂದ್ರೆ ಜಿಎಸ್‌ಟಿ ನಂಬರಲ್ಲಿ ಆರನೇದು, ಅದನ್ನ ನೋಡಿ. 'ಸಿ' ಇದ್ರೆ ಕಂಪನಿ, 'ಎಫ್' ಇದ್ರೆ ಪಾರ್ಟ್ನರ್‌ಶಿಪ್ ಥರದ ಫರ್ಮ್, 'ಪಿ' ಇದ್ರೆ ಒಬ್ಬ ವ್ಯಕ್ತಿ. ವೆಬ್‌ಸೈಟಲ್ಲಿ 'ಭಾರತದ ನಂಬರ್ ಒನ್ ಬ್ರ್ಯಾಂಡ್' ಅಂತ ಹಾಕ್ಕೊಂಡು 'ನಮ್ಮ ಟೀಮ್ ನಿಮ್ಮನ್ನ ಸಂಪರ್ಕಿಸತ್ತೆ' ಅನ್ನೋರ ಆರನೇ ಅಕ್ಷರ 'ಪಿ' ಇದ್ರೆ ಆ ಟೀಮು ಎಷ್ಟು ದೊಡ್ಡದು ಅಂತ ಒಂದು ಅಂದಾಜು ಸಿಗತ್ತೆ. ಒಬ್ಬರೇ ವ್ಯಾಪಾರ ಮಾಡೋದು ತಪ್ಪಲ್ಲ ಬಿಡಿ, ಮನೆಯಿಂದ ಹಪ್ಪಳ ಸಂಡಿಗೆ ಮಾರೋರು ಎಷ್ಟು ಜನ ಫೋನ್ ಮಾಡಿದ ಕೂಡ್ಲೆ ಎತ್ತಿ ಮಾತಾಡ್ತಾರೆ.

ಆ ನಂಬರ್ ತಗೊಂಡು ಜಿಎಸ್‌ಟಿ ಡಾಟ್ ಗವ್ ಡಾಟ್ ಇನ್‌ಗೆ ಹೋಗಿ, ಮೇಲೆ 'ಸರ್ಚ್ ಟ್ಯಾಕ್ಸ್‌ಪೇಯರ್' ಅಂತ ಇರತ್ತೆ, ಲಾಗಿನ್ ಬೇಡ, ಕ್ಯಾಪ್ಚಾ ಹಾಕಿದ್ರೆ ಸಾಕು. ಕಾನೂನುಬದ್ಧ ಹೆಸರು, ವ್ಯಾಪಾರದ ಹೆಸರು, ಮುಖ್ಯ ಸ್ಥಳದ ಅಡ್ರೆಸ್, ಯಾವಾಗ ನೋಂದಣಿ ಆಗಿದೆ, ಈಗ ಚಾಲ್ತಿಯಲ್ಲಿದೆಯಾ ರದ್ದಾಗಿದೆಯಾ ಎಲ್ಲಾ ಬರತ್ತೆ. ಕಾನೂನುಬದ್ಧ ಹೆಸರನ್ನ ಅಕ್ಷರ ಬಿಡದೆ ಬರ್ಕೊಳ್ಳಿ, ಇದು ಬಹಳ ಮುಖ್ಯ, ಯಾಕಂದ್ರೆ ನಾವು ನೋಡಿರೋದು ಬ್ರ್ಯಾಂಡ್ ಹೆಸರು, ನೋಟಿಸ್ ಕಳಿಸ್ಬೇಕಾಗಿರೋದು ಮಾಲೀಕರ ಹೆಸರಿಗೆ. ಎರಡಕ್ಕೂ ಎಷ್ಟೋ ಸಲ ಸಂಬಂಧಾನೇ ಇರಲ್ಲ. ನಂಬರ್ ರದ್ದಾಗಿದೆ ಅಂತ ಬಂದ್ರೆ ಅಥವಾ ಬೇರೆ ಯಾರದೋ ಹೆಸರು ಬಂದ್ರೆ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ದೂರಲ್ಲಿ ಅದೇ ಮೊದಲನೇ ಸಾಲು ಆಗತ್ತೆ.

ಕಂಪನಿ ಆಗಿದ್ರೆ ಇನ್ನೂ ಒಂದು ಹೆಜ್ಜೆ. ಎಂಸಿಎ ವೆಬ್‌ಸೈಟಲ್ಲಿ, ಅಂದ್ರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ್ದು, ಕಂಪನಿ ಮಾಸ್ಟರ್ ಡೇಟಾ ಅಂತ ಇದೆ. ಅಲ್ಲಿ ಹೆಸರು ಹಾಕಿದ್ರೆ ರಿಜಿಸ್ಟರ್ಡ್ ಆಫೀಸ್ ಅಡ್ರೆಸ್, ಡೈರೆಕ್ಟರ್‌ಗಳು ಯಾರು ಅಂತ ಗೊತ್ತಾಗತ್ತೆ. ಒಂದು ಮಾತು, ಆ ಅಡ್ರೆಸ್‌ಗೆ ಸೀದಾ ಬೈಕ್ ಹತ್ಕೊಂಡು ಜಗಳಕ್ಕೆ ಹೋಗ್ಬೇಡಿ. ಬೆಂಗಳೂರಲ್ಲಿ ಎಷ್ಟೋ ಕಂಪನಿಗಳ ರಿಜಿಸ್ಟರ್ಡ್ ಅಡ್ರೆಸ್ ಯಾವುದೋ ಕೋವರ್ಕಿಂಗ್ ಬಿಲ್ಡಿಂಗಿನ ಒಂದು ಟೇಬಲ್ಲೋ, ಆಡಿಟರ್ ಆಫೀಸೋ ಆಗಿರತ್ತೆ, ಅಲ್ಲಿ ಸೆಕ್ಯುರಿಟಿಯವರ ಹತ್ರ ಕೂಗಾಡಿ ಏನೂ ಪ್ರಯೋಜನ ಇಲ್ಲ. ಅಡ್ರೆಸ್ ನಮಗೆ ಬೇಕಾಗಿರೋದು ಕಾಗದ ತಲುಪಿಸೋಕೆ.

ಬಿಲ್ಲೇ ಇಲ್ಲ, ಇನ್‌ಸ್ಟಾದಲ್ಲಿ ತಗೊಂಡಿದ್ದು

ಇದು ಜಾಸ್ತಿ ತಲೆನೋವು. ನಮ್ಮ ಅತ್ತಿಗೆ ಇನ್‌ಸ್ಟಾಗ್ರಾಮಲ್ಲಿ ಇಳಕಲ್ ಸೀರೆ ಜಾಹೀರಾತು ನೋಡಿ ಕ್ಯಾಶ್ ಆನ್ ಡೆಲಿವರಿಯಲ್ಲಿ ತರಿಸಿದ್ರು. ಪೇಜ್ ಮೇಲೆ 'ನೇಕಾರರಿಂದ ನೇರ ನಿಮ್ಮ ಮನೆಗೆ' ಅಂತ ಬರೆದಿತ್ತು, ವಿಡಿಯೋದಲ್ಲಿ ಕೈಮಗ್ಗ ಟಕಟಕ ಅಂತಿತ್ತು. ಬಂದಿದ್ದು ಪಾಲಿಯೆಸ್ಟರ್, ತೋಪ್‌ತೆನಿ ಸೆರಗು, ಅಂದ್ರೆ ಇಳಕಲ್ ಸೀರೆ ಗುರುತೇ ಆಗಿರೋ ಸೆರಗು, ಅದನ್ನ ನೇಯ್ದಿಲ್ಲ, ಪ್ರಿಂಟ್ ಹೊಡೆದಿದಾರೆ, ಉಲ್ಟಾ ತಿರುಗಿಸಿದ್ರೆ ಬಿಳಿ. ಪೇಜಿಗೆ ಮೆಸೇಜ್ ಹಾಕಿದ್ರೆ ಬ್ಲಾಕು. ಫೋನ್ ನಂಬರ್ ಇಲ್ಲ, ಬಿಲ್ ಇಲ್ಲ. ಅತ್ತಿಗೆ ಕವರ್ ಬಿಸಾಕಿರ್ಲಿಲ್ಲ, ಅದೇ ಪುಣ್ಯ.

ಕೊರಿಯರ್ ಕವರಿನ ಮೇಲಿರೋ ಚೀಟಿಯಲ್ಲಿ ನಮ್ಮ ಅಡ್ರೆಸ್ ದೊಡ್ಡದಾಗಿರತ್ತೆ, ಅದನ್ನ ಬಿಡಿ, ಕೆಳಗೆ ಮೂಲೆಯಲ್ಲಿ ಇರುವೆ ಅಕ್ಷರದಲ್ಲಿ 'ಡೆಲಿವರಿ ಆಗದಿದ್ರೆ ಇಲ್ಲಿಗೆ ವಾಪಸ್ ಕಳಿಸಿ' ಅನ್ನೋ ಥರ ಇಂಗ್ಲಿಷಲ್ಲಿ ಒಂದು ಅಡ್ರೆಸ್ ಇರತ್ತೆ. ಮೇಲೆ ಬಾರ್‌ಕೋಡ್ ಕೆಳಗೆ ಎಡಬ್ಲ್ಯುಬಿ ನಂಬರ್, ಅಂದ್ರೆ ಟ್ರ್ಯಾಕಿಂಗ್ ನಂಬರ್. ಎಷ್ಟೋ ಚೀಟಿಗಳಲ್ಲಿ ಸೆಲ್ಲರ್ ಹೆಸರು, ಜಿಎಸ್‌ಟಿ ನಂಬರೂ ಇರತ್ತೆ. ಅತ್ತಿಗೆ ಕವರಿನ ಮೇಲಿದ್ದ ವಾಪಸ್ ಅಡ್ರೆಸ್ ಸೂರತ್‌ದು. ಇಳಕಲ್ ಎಲ್ಲಿ ಸೂರತ್ ಎಲ್ಲಿ! ಜಿಎಸ್‌ಟಿ ನಂಬರೂ 24ರಿಂದಲೇ ಶುರು. ಸೈಟಲ್ಲಿ ಹಾಕಿ ನೋಡಿದ್ರೆ ಪೇಜಿನ ಹೆಸರಿಗೂ ಆ ಹೆಸರಿಗೂ ತಾಳಮೇಳ ಇಲ್ಲ. ಆದ್ರೂ ಒಂದು ಹೆಸರು, ಒಂದು ಅಡ್ರೆಸ್ ಸಿಕ್ತಲ್ಲ, ಅಲ್ಲಿಂದ ದೂರು ಕೊಡೋಕೆ ದಾರಿ ಆಯ್ತು.

ಕ್ಯಾಶ್ ಆನ್ ಡೆಲಿವರಿಯಲ್ಲಿ ದುಡ್ಡು ಮೊದಲು ಹೋಗೋದು ಕೊರಿಯರ್ ಕಂಪನಿಗೆ, ಅವರು ಸೆಲ್ಲರ್‌ಗೆ ತಲುಪಿಸೋಕೆ ಸ್ವಲ್ಪ ದಿನ ತಗೊಳ್ತಾರೆ. ಹಾಗಾಗಿ ಕವರ್ ಬಿಚ್ಚಿದ ದಿನಾನೇ ಟ್ರ್ಯಾಕಿಂಗ್ ನಂಬರ್ ಹಾಕಿ ಕೊರಿಯರ್ ಕಂಪನಿಗೂ ಒಂದು ಇಮೇಲ್ ಬರೀರಿ, ಈ ಸೆಲ್ಲರ್ ಮೋಸ ಮಾಡಿದಾನೆ, ದುಡ್ಡು ಬಿಡುಗಡೆ ಮಾಡೋ ಮುಂಚೆ ನೋಡಿ ಅಂತ. ಒಪ್ತಾರೆ ಅಂತ ಗ್ಯಾರಂಟಿ ಇಲ್ಲ, ಆದ್ರೆ ಬರೆದ ದಾಖಲೆ ಉಳಿಯತ್ತೆ. ಡೆಲಿವರಿ ಹುಡುಗನ ಮೇಲೆ ಮಾತ್ರ ಕೂಗಾಡ್ಬೇಡಿ, ಒಳಗೆ ಏನಿದೆ ಅಂತ ಅವನಿಗೂ ಗೊತ್ತಿರಲ್ಲ.

ಮುಂಗಡ ಕೊಟ್ಟಿದ್ರೆ ಯುಪಿಐ ಹಿಸ್ಟರಿ ತೆಗೀರಿ. ಯಾರ ಹೆಸರಿಗೆ ಹೋಗಿದೆ, ಯಾವ ಯುಪಿಐ ಐಡಿ, ಟ್ರಾನ್ಸಾಕ್ಷನ್ ನಂಬರ್ ಏನು ಎಲ್ಲಾ ಅಲ್ಲೇ ಇರತ್ತೆ. ಇನ್‌ಸ್ಟಾ ಪೇಜಲ್ಲಿ ಮೂರು ಚುಕ್ಕೆ ಒತ್ತಿದ್ರೆ 'ಅಬೌಟ್ ದಿಸ್ ಅಕೌಂಟ್' ಅಂತ ಬರತ್ತೆ, ಅಕೌಂಟ್ ಯಾವಾಗ ಶುರುವಾಗಿದೆ, ಎಷ್ಟು ಸಲ ಹೆಸರು ಬದಲಾಗಿದೆ ಅಂತ ತೋರಿಸತ್ತೆ. ಎಲ್ಲಾ ಸ್ಕ್ರೀನ್‌ಶಾಟ್ ಹೊಡ್ಕೊಳ್ಳಿ, ಜಗಳ ಶುರು ಮಾಡೋ ಮುಂಚೆನೇ, ಬ್ಲಾಕ್ ಆದ್ಮೇಲೆ ಏನೂ ಕಾಣಲ್ಲ.

ಮೇಲ್ ಬರೆಯೋ ರೀತಿ

ಗ್ರೀವೆನ್ಸ್ ಆಫೀಸರ್ ಇಮೇಲಿಗೆ, ಸಿಸಿಯಲ್ಲಿ ಸಿಕ್ಕಿರೋ ಉಳಿದ ಇಮೇಲ್‌ಗಳಿಗೆ. ಬೈಗುಳ ಬೇಡ, ಕಥೆ ಬೇಡ. ಇಂಗ್ಲಿಷಲ್ಲಿ ಬರೆದ್ರೆ ಬೇಗ ಓದ್ತಾರೆ, ಮ್ಯಾಟರ್ ಇಷ್ಟೇ: 'ಆರ್ಡರ್ ನಂಬರ್ ಇದು, ಇಂಥ ದಿನ ಇಷ್ಟು ರೂಪಾಯಿ ಕೊಟ್ಟಿದ್ದೇನೆ, ಬಂದಿರೋದು ಇದು, ಫೋಟೋ ಲಗತ್ತಿಸಿದ್ದೇನೆ. ನನಗೆ ಪೂರ್ತಿ ಹಣ ವಾಪಸ್ ಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ 48 ಗಂಟೆಯಲ್ಲಿ ಸ್ವೀಕೃತಿ ಮತ್ತು ದೂರಿನ ನಂಬರ್ ಕೊಡಿ. ಸೆಲ್ಲರ್ ಬೇರೆಯವರಾಗಿದ್ದರೆ ಅವರ ಪೂರ್ತಿ ಹೆಸರು, ವಿಳಾಸ, ಇಮೇಲ್ ಕೊಡಿ. ಇಂಥ ತಾರೀಖಿನೊಳಗೆ ಆಗದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ.' ಏನು ಬೇಕು ಅಂತ ಒಂದೇ ಸಾಲಲ್ಲಿ ಹೇಳಿ, ರಿಫಂಡ್ ಬೇಕಾ ಬದಲಿ ಸಾಮಾನು ಬೇಕಾ, ಎರಡನ್ನೂ ಬರೆದ್ರೆ ಅವರು ಮೂರನೇದು ಕೊಡ್ತಾರೆ, ಕೂಪನ್ನು.

ಫೋನಲ್ಲಿ ಯಾರಾದ್ರೂ ಸಿಕ್ಕಿ 'ಆಗತ್ತೆ ಸರ್' ಅಂದ್ರೆ ಅದನ್ನೂ ಮೇಲಲ್ಲಿ ಹಾಕಿ: 'ಇವತ್ತು ಫೋನಲ್ಲಿ ಹೀಗೆ ಹೇಳಿದಿರಿ' ಅಂತ. ಬಾಯಿಮಾತು ಗ್ರಾಹಕ ಆಯೋಗದಲ್ಲಿ, ಅಂದ್ರೆ ಗ್ರಾಹಕ ಕೋರ್ಟಲ್ಲಿ, ನಿಲ್ಲೋದು ಕಷ್ಟ.

1915

48 ಗಂಟೆ ಕಳೆದ್ರೂ ಉತ್ತರ ಇಲ್ವಾ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬೆಳಗ್ಗೆ 8ರಿಂದ ರಾತ್ರಿ 8, ಕನ್ನಡದಲ್ಲೇ ಮಾತಾಡ್ಬಹುದು. ವಾಟ್ಸಾಪ್ ಬೇಕಂದ್ರೆ 8800001915. ದೂರಿಗೆ ಒಂದು ಡಾಕೆಟ್ ನಂಬರ್ ಕೊಡ್ತಾರೆ, ಬರ್ಕೊಳ್ಳಿ. ಇದು ಕೋರ್ಟಲ್ಲ, ಇವರು ಆದೇಶ ಹೊರಡಿಸಲ್ಲ, ನಿಮ್ಮ ದೂರನ್ನ ಕಂಪನಿಗೆ ತಲುಪಿಸಿ ಉತ್ತರ ಕೇಳ್ತಾರೆ. ದೊಡ್ಡ ಕಂಪನಿಗಳಲ್ಲಿ ಇಂಥ ದೂರು ನೋಡೋಕೆ ಬೇರೆ ಜನ ಇರ್ತಾರೆ, ಚಾಟ್‌ಬಾಟ್ ಹತ್ರ ವಾರಗಟ್ಟಲೆ ಆಗದೇ ಇರೋದು ಅವರ ಟೇಬಲ್ಲಿಗೆ ಹೋದ್ರೆ ಆಗ್ಬಹುದು. ನಾಳೆ ಮಾಯ ಆಗೋ ಇನ್‌ಸ್ಟಾ ಪೇಜಿನವರ ಮೇಲೆ ಇದರ ಬಿಸಿ ಅಷ್ಟಾಗಿ ತಟ್ಟಲ್ಲ, ಅಂಥವರದ್ದು ವಂಚನೆ ಕೇಸು, 1930 ಕಡೆಗೇ ಹೋಗಿ.

ಬ್ಯಾಂಕ್ ದಾರಿ

ಕಾರ್ಡಲ್ಲಿ ಕೊಟ್ಟಿದ್ರೆ ಕಂಪನಿ ಸಿಗ್ಲಿ ಬಿಡ್ಲಿ, ಬ್ಯಾಂಕಿಗೆ ಚಾರ್ಜ್‌ಬ್ಯಾಕ್ ಕೇಳಬಹುದು, ಅಂದ್ರೆ ಕೊಟ್ಟ ದುಡ್ಡು ವಾಪಸ್ ತರಿಸಿ ಅಂತ, ಕಾರಣ 'ಸಾಮಾನು ಬಂದಿಲ್ಲ' ಅಥವಾ 'ಹೇಳಿದ್ದೊಂದು ಬಂದಿದ್ದೊಂದು' ಅಂತ. ಆಗ ವ್ಯಾಪಾರಿ ತಾನು ಸರಿಯಾಗಿ ಕಳಿಸಿದ್ದೆ ಅಂತ ದಾಖಲೆ ತೋರಿಸ್ಬೇಕಾಗತ್ತೆ. ಇದಕ್ಕೆ ಟೈಮ್ ಲಿಮಿಟ್ ಇರತ್ತೆ, ಕಂಪನಿಯವರು 'ಇನ್ನೊಂದು ವಾರ ಕಾಯಿರಿ' ಅಂತ ಎಳೀತಾ ಹೋಗೋದು ಎಷ್ಟೋ ಸಲ ಈ ಗಡುವು ದಾಟಲಿ ಅಂತಾನೇ. ವಿದೇಶಿ ವೆಬ್‌ಸೈಟ್ ಆದ್ರೆ ನನ್ನ ಪ್ರಕಾರ ಇದೊಂದೇ ಕೆಲಸಕ್ಕೆ ಬರೋ ದಾರಿ. ನಮ್ಮ ನಿಯಮಗಳು ಭಾರತದ ಗ್ರಾಹಕರಿಗೆ ಮಾರೋ ವಿದೇಶಿ ಕಂಪನಿಗಳಿಗೂ ಅನ್ವಯಿಸತ್ತೆ ಅಂತ ಕಾಗದದ ಮೇಲೆ ಇದೆ, ಆದ್ರೆ ಎಲ್ಲೋ ಇರೋ ಜಿಮೇಲ್ ಅಡ್ರೆಸ್‌ಗೆ ನೋಟಿಸ್ ಅಂಟಿಸೋದು ಯಾರು. ಯುಪಿಐ ಆದ್ರೆ ಆ್ಯಪಲ್ಲೇ ಆ ಟ್ರಾನ್ಸಾಕ್ಷನ್ ತೆಗೆದು ದೂರು ಹಾಕಿ, ಬ್ಯಾಂಕಿಗೂ ಬರೀರಿ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡ್ಲಿಲ್ಲ ಅಥವಾ ಸರಿಯಾದ ಉತ್ತರ ಕೊಡ್ಲಿಲ್ಲ ಅಂದ್ರೆ ಆರ್‌ಬಿಐ ಒಂಬುಡ್ಸ್‌ಮನ್ ಇದೆ, ಬ್ಯಾಂಕ್ ಮೇಲಿನ ದೂರು ಕೇಳೋ ಜಾಗ, ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಆರ್ಗ್ ಡಾಟ್ ಇನ್, ಫ್ರೀ.

ಕೊನೆಗೆ ಆಯೋಗ

ಗ್ರಾಹಕ ಕೋರ್ಟ್ ಅಂದ ಕೂಡ್ಲೆ ಜನ ಹೆದರ್ತಾರೆ, ಲಾಯರ್ ಖರ್ಚು, ಓಡಾಟ ಅಂತ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ್ಮೇಲೆ ಇದು ಸುಮಾರು ಸಲೀಸಾಗಿದೆ. ಕಂಪನಿ ಗುರುಗ್ರಾಮದಲ್ಲಿ ಇದ್ರೂ ನೀವು ಹಾವೇರಿಯಲ್ಲಿ ಇದ್ರೆ ಹಾವೇರಿ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು, ಗ್ರಾಹಕ ವಾಸ ಮಾಡೋ ಜಾಗ ಅಥವಾ ಕೆಲಸ ಮಾಡೋ ಜಾಗ ಸಾಕು. ಕೊಟ್ಟ ದುಡ್ಡು 5 ಲಕ್ಷದವರೆಗೆ ಇದ್ರೆ ಫೀಸೇ ಇಲ್ಲ. ವಕೀಲರು ಕಡ್ಡಾಯ ಅಲ್ಲ. ಇ-ಜಾಗೃತಿ ಪೋರ್ಟಲ್ಲಲ್ಲಿ ಆನ್‌ಲೈನ್ ಹಾಕಬಹುದು, ವಿಡಿಯೋ ಮೂಲಕ ವಿಚಾರಣೆ ಬೇಕು ಅಂತ ಕೇಳ್ಕೋಬಹುದು. ತೊಂದರೆ ಆದ ದಿನದಿಂದ ಎರಡು ವರ್ಷದ ಒಳಗೆ ಹಾಕ್ಬೇಕು ಅಷ್ಟೇ. ಬೇಗ ಮುಗಿಯತ್ತಾ ಅಂತ ಕೇಳಿದ್ರೆ ಹಂಗೇನೂ ಇಲ್ಲ, ತಾರೀಖಿನ ಮೇಲೆ ತಾರೀಖು ಬೀಳತ್ತೆ, ಐನೂರು ರೂಪಾಯಿ ಟೀಶರ್ಟ್‌ಗೆ ಇಷ್ಟು ಬೇಕಾ ಅನ್ನೋದು ನಿಮ್ಮ ಹಠಕ್ಕೆ ಬಿಟ್ಟಿದ್ದು.

ಹಾಕೋ ಮುಂಚೆ ಒಂದು ನೋಟಿಸ್ ಕಳಿಸಿ, ಇಮೇಲಲ್ಲೂ ಅಂಚೆಯಲ್ಲೂ. 2025ರ ಸೆಪ್ಟೆಂಬರ್‌ನಿಂದ ರಿಜಿಸ್ಟರ್ಡ್ ಪೋಸ್ಟ್ ಅನ್ನೋದು ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ, ಹಾಗಾಗಿ ಸ್ಪೀಡ್ ಪೋಸ್ಟಲ್ಲಿ ಕಳಿಸಿ ರಸೀದಿ, ಟ್ರ್ಯಾಕಿಂಗ್ ಪ್ರಿಂಟ್ ಎರಡೂ ಇಟ್ಕೊಳ್ಳಿ. ಜಿಎಸ್‌ಟಿ ಸೈಟಿನಲ್ಲಿ ಸಿಕ್ಕಿದ ಕಾನೂನುಬದ್ಧ ಹೆಸರು, ಅಡ್ರೆಸ್ ಉಪಯೋಗಕ್ಕೆ ಬರೋದು ಇಲ್ಲೇ, ಬರೀ ಬ್ರ್ಯಾಂಡ್ ಹೆಸರು ಬರೆದು ಕಳಿಸಿದ ಲಕೋಟೆ 'ಈ ಹೆಸರಿನವರು ಇಲ್ಲ' ಅಂತ ವಾಪಸ್ ಬರತ್ತೆ. ದೂರಲ್ಲಿ ಸೆಲ್ಲರ್ ಒಬ್ಬರನ್ನೇ ಹಾಕ್ಬೇಡಿ, ಆ್ಯಪ್ ಮೂಲಕ ತಗೊಂಡಿದ್ರೆ ಆ್ಯಪ್ ಕಂಪನಿಯನ್ನೂ ಎದುರುದಾರರನ್ನಾಗಿ ಮಾಡಿ, ಒಬ್ಬರು ಮಾಯ ಆದ್ರೂ ಇನ್ನೊಬ್ಬರು ಇರ್ತಾರೆ.

ನೋಟಿಸ್ ತಲುಪಿದ ಮೇಲೆ ಒಂದು ತಮಾಷೆ ಆಗೋ ಸಾಧ್ಯತೆ ಇದೆ, ಅಷ್ಟು ದಿನ ಯಾರೂ ಇಲ್ಲದ ಕಂಪನಿಯಿಂದ ಫೋನ್ ಬರತ್ತೆ. ಬಹಳ ಮರ್ಯಾದೆಯಿಂದ ಮಾತಾಡ್ತಾರೆ, ದುಡ್ಡು ಕೊಡ್ತೀವಿ, ಕೇಸ್ ವಾಪಸ್ ತಗೊಳ್ಳಿ ಸರ್, ತಗೊಳ್ಳಿ ಮೇಡಂ ಅಂತಾರೆ. ಆಗ್ಲಿ ಅನ್ನಿ, ಆದ್ರೆ ಅದನ್ನ ಇಮೇಲಲ್ಲಿ ಬರೆದು ಕಳಿಸೋಕೆ ಹೇಳಿ, ರಿಫಂಡಿಗೆ ಅಂತ ಓಟಿಪಿ, ಪಿನ್ ಕೇಳಿದ್ರೆ ಫೋನ್ ಇಡಿ. ದುಡ್ಡು ಅಕೌಂಟಿಗೆ ಬಿದ್ದಿದೆ ಅಂತ ಪಾಸ್‌ಬುಕ್ ನೋಡಿದ ಮೇಲೇನೇ ವಾಪಸ್ ತಗೊಳ್ಳೋ ಅರ್ಜಿಗೆ ಸಹಿ ಹಾಕಿ.